ಎಡ ಮೆದುಳು, ಬಲ ಮೆದುಳು ಮತ್ತು ಬೀಡಿಯ ಕನಸು

 

ಕಳೆದ ವಾರ ನನ್ನ ತರಗತಿಯ ಹುಡುಗನೊಬ್ಬನ ತಾಯಿ ಕರಪತ್ರವೊಂದನ್ನು ಹಿಡಿದುಕೊಂಡು ಬಂದಿದ್ದರು. ‘ಬಲ ಮೆದುಳು ಜಾಗೃತಿ’ ತರಗತಿಯದ್ದು. ಲೆಕ್ಕ ಎಡ ಮೆದುಳಿನದ್ದು, ಕಲ್ಪನೆ ಮತ್ತು ಕನಸು ಬಲದ್ದು, ಹಗಲಿಡೀ ಎಡವನ್ನೇ ದುಡಿಸಿದರೆ ರಾತ್ರಿ ಕೆಟ್ಟ ಕನಸು ಎಂದು ಅದರಲ್ಲಿತ್ತು. ಹುಡುಗ ರಾತ್ರಿ ಬೆಚ್ಚಿ ಏಳುತ್ತಾನಂತೆ. “ಸಾಲ ಮಾಡಿಯಾದರೂ ಸೇರಿಸುವುದಾ ಟೀಚರ್?” ಎಂದು ಕೇಳಿದರು. ಬೇಡ ಎಂದೆ.

ಮೂರ್ಛೆರೋಗಕ್ಕಾಗಿ ಮೆದುಳಿನ ಎರಡು ಅರ್ಧಗಳ ನಡುವಿನ ಸೇತುವೆಯನ್ನು ಕತ್ತರಿಸಿದವರನ್ನು ರೋಜರ್ ಸ್ಪೆರ್ರಿ ಪರೀಕ್ಷಿಸಿದರು. ಮಾತು ಹೆಚ್ಚಾಗಿ ಎಡ ಅರ್ಧದ ಕೆಲಸವೆಂದು ಅಲ್ಲಿ ಸ್ಪಷ್ಟವಾಯಿತು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟು ನಿಜ. ಉಳಿದದ್ದನ್ನು ಸೇರಿಸಿದ್ದು ಮಾರುಕಟ್ಟೆ. ಮಾರ್ಕ್ ಸೋಲ್ಮ್ಸ್ 1997ರಲ್ಲಿ ತೋರಿಸಿದಂತೆ, ಎಡಕ್ಕೆ ಪೆಟ್ಟಾದವರಲ್ಲೂ ಬಲಕ್ಕೆ ಪೆಟ್ಟಾದವರಲ್ಲೂ ಕನಸು ನಿಂತುಹೋದದ್ದುಂಟು.

ಹಾಗಾದರೆ ಹಗಲಿನ ದುಡಿಮೆ ರಾತ್ರಿಗೆ ದಾಟುವುದೇ ಇಲ್ಲವೇ? ದಾಟುತ್ತದೆ. 1994ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರ ಬಲಗೈಗೆ ಮಲಗುವ ಮುನ್ನ ಗಂಟೆಗಟ್ಟಲೆ ಕಂಪನ ಕೊಟ್ಟರು. ನಿದ್ದೆಯ ಮೊದಲ ಗಂಟೆಯಲ್ಲಿ, ಆ ಕೈಯ ಸ್ಪರ್ಶ ಗ್ರಹಿಸುವ ಎಡ ಅರ್ಧದ ಜಾಗದಲ್ಲಿ ಆಳನಿದ್ದೆಯ ಅಲೆಗಳು ಹೆಚ್ಚಾದವು. ದುಡಿದ ಭಾಗ ಹೆಚ್ಚು ಆಳವಾಗಿ ಮಲಗಿತು. ಇದು ನಿದ್ದೆಯ ಮಾತು, ಕನಸಿನದ್ದಲ್ಲ. ಕರಪತ್ರದವರು ಬೆರೆಸುವುದು ಇಲ್ಲಿಯೇ.

ಕನಸಿಗೆ ದಾಟುವುದು ಬೇರೆ ಸಂಗತಿ. ನನ್ನಮ್ಮ ಬೀಡಿ ಕಟ್ಟುತ್ತಿದ್ದರು. ತಡ್ಪೆ ಮಡಿಲಲ್ಲಿ, ಎರಡೂ ಕೈ ಎಲೆಯ ಮೇಲೆ, ಬಾಯಲ್ಲಿ ನೆರೆಮನೆಯವರೊಡನೆ ತುಳು, ಮನಸ್ಸಿನೊಳಗೆ ಎಣಿಕೆ. ಯಾವ ಅರ್ಧ ದುಡಿಯಿತೆಂದು ಹೇಳುವುದು? ಕಣ್ಣು ಮುಚ್ಚಿದರೆ ಎಲೆಗಳೇ ಕಾಣುತ್ತವೆ ಎನ್ನುತ್ತಿದ್ದರು. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ 2000ದಲ್ಲಿ ಪ್ರಕಟಿಸಿದ್ದೂ ಇಂಥದ್ದೇ: ಟೆಟ್ರಿಸ್ ಆಡಿದವರಿಗೆ ನಿದ್ದೆ ಹತ್ತುವಾಗ ಬೀಳುವ ಚೌಕಗಳು ಕಂಡವು. ಆಟ ಆಡಿದ್ದೇ ನೆನಪಿರದ ಮರೆವಿನ ರೋಗಿಗಳಿಗೂ ಕಂಡವು!

‘ಮಿಲಿಂದ ಪಞ್ಹ’ದಲ್ಲಿ ರಾಜ ಕನಸಿನ ಬಗ್ಗೆ ಕೇಳುತ್ತಾನೆ. ನಾಗಸೇನ ಭಂತೇಜಿ ಆರು ಬಗೆಯವರು ಕನಸು ಕಾಣುತ್ತಾರೆ ಎನ್ನುತ್ತಾರೆ: ವಾತ, ಪಿತ್ತ, ಕಫದಿಂದ ಮೂವರು, ದೇವತೆಯ ಪ್ರಭಾವದಿಂದ ಒಬ್ಬ, ರೂಢಿಯಿಂದ ಒಬ್ಬ, ಮುಂದಿನದರ ಸೂಚನೆಯಾಗಿ ಒಬ್ಬ. ಕನಸು ಬೀಳುವುದು ಪೂರ್ತಿ ಎಚ್ಚರದಲ್ಲೂ ಅಲ್ಲ, ಗಾಢ ನಿದ್ದೆಯಲ್ಲೂ ಅಲ್ಲ, ನಡುವಿನ ‘ಮಂಗನ ನಿದ್ದೆ’ಯಲ್ಲಂತೆ. ನನಗೆ ಮುಖ್ಯವೆನಿಸಿದ್ದು ಆ ಐದನೆಯವನು. ರೂಢಿ ಎಂದರೆ ಮನಸ್ಸು ಮತ್ತೆ ಮತ್ತೆ ನಡೆದ ದಾರಿ, ಅದಕ್ಕೆ ಎಡಬಲವಿಲ್ಲ.

ವಿಚಾರಿಸಿದಾಗ ತಿಳಿಯಿತು, ಆ ಮನೆಯಲ್ಲಿ ಅಂಕಪಟ್ಟಿಯ ಮಾತು ಏಳುವುದು ರಾತ್ರಿ ಊಟದ ಹೊತ್ತಿಗೆ. ಅದನ್ನು ಬೆಳಗ್ಗೆಗೆ ದೂಡಿ, ಮಲಗುವ ಮುಂಚೆ ಹತ್ತು ನಿಮಿಷ ಅವನ ಹತ್ತಿರ ಕುಳಿತುಕೊಳ್ಳಿ ಎಂದಿದ್ದೇನೆ.

ಇನ್ನೊಂದು. ವಿಪಸ್ಸನಾ ಸಾಧಕರ ನಿದ್ದೆಯನ್ನು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಅಳೆದಿದ್ದಾರೆ. 2010ರ ಅಧ್ಯಯನದಲ್ಲಿ ಅವರ ಆಳನಿದ್ದೆಯೂ, ಕನಸು ಹೆಚ್ಚು ಬೀಳುವ ರೆಮ್ ನಿದ್ದೆಯೂ ಧ್ಯಾನ ಮಾಡದವರಿಗಿಂತ ಹೆಚ್ಚಿತ್ತು. ಭಾನುವಾರ ಮಿಲಿಂದನ ಕನಸಿನ ಪ್ರಶ್ನೆಯನ್ನೇ ಓದೋಣ. ಅಲ್ಲಿಯವರೆಗೆ, ನಿದ್ದೆ ಹತ್ತುವಾಗ ಮೊದಲು ಕಂಡದ್ದು ಏನೆಂದು ಒಂದು ಸಾಲು ಬರೆದಿಟ್ಟುಕೊಂಡು ಬನ್ನಿ.