ನಾಡಿ ಹಿಡಿದು ನಡೆಯುವುದು

ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡಿಕೊಂಡು ಹದಿನೆಂಟು ವರ್ಷವಾಯಿತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಮೇಡಂ, ಎದೆಬಡಿತ ಎಷ್ಟಿದ್ದರೆ ಸರಿ?” ಇಷ್ಟು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಲೆಕ್ಕ ಶುರುವಾಗುವುದು ಹಾಸಿಗೆಯಲ್ಲಿ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಏಳುವ ಮೊದಲು, ಕಾಫಿಗೂ ಮೊದಲು ಒಂದು ನಿಮಿಷ ಪೂರ್ತಿ ನಾಡಿ ಎಣಿಸಿ. ಮೂರು ದಿನದ ಸರಾಸರಿ ಬರೆದಿಡಿ. ವಿಶ್ರಾಂತಿಯಲ್ಲಿ 60ರಿಂದ 100 ಸಾಮಾನ್ಯ. ಚೆನ್ನಾಗಿ ಪಳಗಿದ ಓಟಗಾರರಲ್ಲಿ 50ಕ್ಕಿಂತ ಕೆಳಗೂ ಇರುತ್ತದೆ. ಬಡಿತದ ತಾಳ ಮತ್ತೆ ಮತ್ತೆ ತಪ್ಪುತ್ತಿದ್ದರೆ ವ್ಯಾಯಾಮದ ಮಾತು ಆಮೇಲೆ, ಮೊದಲು ಇಸಿಜಿ ಮಾಡಿಸಿ.

2. ಹೆಬ್ಬೆರಳಿನಿಂದ ನಾಡಿ ನೋಡಬೇಡಿ, ಅದಕ್ಕೆ ತನ್ನದೇ ಬಡಿತವಿದೆ. ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನತ್ತ ಜಾರಿದರೆ ಮೂಳೆಗೂ ನರದಂತೆ ಎದ್ದು ಕಾಣುವ ಹುರಿಗೂ ನಡುವೆ ಸಣ್ಣ ತಗ್ಗು ಸಿಗುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ಹಗುರಾಗಿ ಇಡಿ. ಒತ್ತಿ ಹಿಡಿದರೆ ನಾಡಿ ಅಡಗುತ್ತದೆ. ನಡೆಯುವಾಗ ಎಣಿಸಬೇಕೆಂದರೆ ನಿಂತ ತಕ್ಷಣ ಹಿಡಿಯಿರಿ, ಬಡಿತ ಬೇಗ ಇಳಿದುಬಿಡುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 30 ಬಡಿತ ಸಿಕ್ಕರೆ ನಿಮಿಷಕ್ಕೆ 120. ಕುತ್ತಿಗೆಯಲ್ಲಿ ನೋಡುವವರು ಎರಡೂ ಕಡೆ ಒಟ್ಟಿಗೆ ಒತ್ತಬಾರದು, ತಲೆ ಸುತ್ತಿ ಬೀಳುವ ಅಪಾಯವಿದೆ.

3. 220ರಿಂದ ವಯಸ್ಸು ಕಳೆಯುವುದು ಅಂದಾಜು ಮಾತ್ರ. ಜಿಮ್ ಗೋಡೆಗಳಲ್ಲೆಲ್ಲ ಇರುವ ಈ ಸೂತ್ರ 1970ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿತು. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ 20ರಷ್ಟು ವ್ಯತ್ಯಾಸವಿದ್ದರೂ ಆಶ್ಚರ್ಯವಿಲ್ಲ. 2001ರಲ್ಲಿ ಬಂದ ಇನ್ನೊಂದು ಸೂತ್ರ, 208ರಿಂದ ವಯಸ್ಸಿನ 0.7ರಷ್ಟನ್ನು ಕಳೆಯುವುದು, ವಯಸ್ಸಾದವರಿಗೆ ಹೆಚ್ಚು ಹೊಂದುತ್ತದೆ. ನಾನು ಬಳಸುವುದು ಫಿನ್ಲೆಂಡಿನ ಕಾರ್ವೊನೆನ್ ತೋರಿಸಿದ ದಾರಿ. ಅದರಲ್ಲಿ ನಿಮ್ಮ ಹಾಸಿಗೆಯ ಲೆಕ್ಕವೂ ಸೇರುತ್ತದೆ. ಐವತ್ತು ವರ್ಷದವರ ವಿಶ್ರಾಂತಿ ಬಡಿತ 70 ಎಂದಿಟ್ಟುಕೊಳ್ಳಿ. 220ರ ಅಂದಾಜಿನಂತೆ ಗರಿಷ್ಠ 170. ಎರಡರ ನಡುವಿನ ಅಂತರ 100. ಅದರ ಶೇ. 40 ಅಂದರೆ 40, ಅದಕ್ಕೆ 70 ಸೇರಿಸಿದರೆ 110. ಶೇ. 60ಕ್ಕೆ 130. ಬಿರುಸು ನಡಿಗೆಗೆ ಇವರ ಗುರಿ 110ರಿಂದ 130. ವಿಶ್ರಾಂತಿ ಬಡಿತ 58 ಇರುವ ಅದೇ ವಯಸ್ಸಿನವರಿಗೆ ಈ ಗುರಿಯೇ ಬೇರೆ.

4. ಲೆಕ್ಕ ಹಾಕುವ ಮೊದಲು ಮಾತ್ರೆ ಕೇಳಬೇಕು. ಇದನ್ನು ನಾನು ತಪ್ಪು ಮಾಡಿ ಕಲಿತೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಿವೃತ್ತ ಮೇಷ್ಟರೊಬ್ಬರಿಗೆ ಚೀಟಿಯಲ್ಲಿ 115 ಎಂದು ಬರೆದುಕೊಟ್ಟೆ. ಅವರು ಪ್ರಾಮಾಣಿಕರು. ಬಡಿತ 95 ದಾಟಲಿಲ್ಲವೆಂದು ದಿನದಿನಕ್ಕೂ ವೇಗ ಹೆಚ್ಚಿಸಿದರು. ಒಂದು ದಿನ ಬೆಟ್ಟದ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟರು. ಪುಣ್ಯಕ್ಕೆ ಜೊತೆಯಲ್ಲಿ ಮಗನಿದ್ದ. ಅವರು ಬಿಪಿಗೆ ಮೆಟೊಪ್ರೊಲಾಲ್ ನುಂಗುತ್ತಿದ್ದರು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಎದೆಬಡಿತ ಏರದಂತೆ ತಡೆಯುತ್ತವೆ. ಅಂಥವರಿಗೆ ಯಾವ ಸೂತ್ರವೂ ನಡೆಯದು, ಗುರಿಯನ್ನು ಹೃದ್ರೋಗ ತಜ್ಞರೇ ಹೇಳಬೇಕು. ಬಡಿತ ಏರಲೆಂದು ಮಾತ್ರೆ ಬಿಡುವುದಂತೂ ಜೀವಕ್ಕೇ ಅಪಾಯ. ಅಂದಿನಿಂದ ನನ್ನ ಚೀಟಿಯ ಮೊದಲ ಸಾಲು ಮಾತ್ರೆಗಳ ಹೆಸರು.

5. ಮಾತು ಒಳ್ಳೆಯ ಅಳತೆಗೋಲು. ಪಕ್ಕದವರ ಜೊತೆ ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು ಎಂದರೆ ಮಧ್ಯಮ ಶ್ರಮ. ನಾಲ್ಕು ಪದಕ್ಕೇ ಏದುಸಿರು ಬಂದರೆ ಅದನ್ನು ದಾಟಿದ್ದೀರಿ. ಮಾತ್ರೆ ನುಂಗುವವರಿಗೆ ನಾನು ಹೇಳಿಕೊಡುವುದು ಇದನ್ನೇ.

6. ಕೈಗಡಿಯಾರವನ್ನು ನಂಬಿ, ಆದರೆ ಪರೀಕ್ಷಿಸಿ ನಂಬಿ. ಸ್ಮಾರ್ಟ್ ವಾಚು ಹಸಿರು ಬೆಳಕನ್ನು ಚರ್ಮಕ್ಕೆ ಹಾಯಿಸಿ ರಕ್ತದ ಏರಿಳಿತ ಓದುತ್ತದೆ. ಪಟ್ಟಿ ಸಡಿಲವಾಗಿದ್ದರೆ ಹೆಜ್ಜೆಯ ಲಯವನ್ನೇ ಎದೆಬಡಿತವೆಂದು ತೋರಿಸುವುದುಂಟು. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಗಲ ಮೇಲೆ, ಬಿಗಿಯಾಗಿ ಕಟ್ಟಿ. ವಾರಕ್ಕೊಮ್ಮೆ ಬೆರಳ ಲೆಕ್ಕದೊಂದಿಗೆ ತಾಳೆ ನೋಡಿ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ನಿಖರ.

7. ಏರಿದ್ದನ್ನಷ್ಟೇ ಅಲ್ಲ, ಇಳಿದದ್ದನ್ನೂ ನೋಡಿ. ಬೆಟ್ಟ ಹತ್ತುವವರನ್ನು ನಂದಿ ವಿಗ್ರಹದ ಹತ್ತಿರ ನಿಲ್ಲಿಸಿ, ಒಮ್ಮೆ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಲು ಹೇಳುತ್ತೇನೆ. 140 ಇದ್ದದ್ದು 115ಕ್ಕೆ ಬಂದರೆ ನನಗೆ ಸಮಾಧಾನ. ಟ್ರೆಡ್‌ಮಿಲ್ ಪರೀಕ್ಷೆಯ ನಂತರ ಮೊದಲ ನಿಮಿಷದಲ್ಲಿ ಇಳಿತ 12 ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚೆಂದು ಕ್ಲೀವ್‌ಲ್ಯಾಂಡ್ ಕ್ಲಿನಿಕ್ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ನಿಮ್ಮ ಬಡಿತ ಇಳಿಯಲು ತಡವಾಗುತ್ತಿದ್ದರೆ ವೈದ್ಯರಿಗೆ ಹೇಳಿ.

8. ಏಪ್ರಿಲ್ ಬಿಸಿಲು, ನೀರು ಕುಡಿಯದಿರುವುದು, ಜ್ವರ, ನಿದ್ದೆಗೆಟ್ಟ ರಾತ್ರಿ, ಇವೆಲ್ಲ ಬಡಿತ ಏರಿಸುತ್ತವೆ. ಅಂಥ ದಿನ ಗುರಿ ಹಾಗೇ ಇರಲಿ, ವೇಗ ಇಳಿಸಿ.

ಎದೆ ಹಿಂಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಆಗ ನಾಡಿ ಎಣಿಸುತ್ತ ಕೂರಬೇಡಿ. ಅಲ್ಲೇ ಕುಳಿತು 108ಕ್ಕೆ ಫೋನ್ ಮಾಡಿಸಿ.