ನೋವು ನಿಂತ ಹಲ್ಲು

ಟಾರ್ಚಿನ ಸೆಲ್ಲಿಗೆ ತಂತಿ ಹಚ್ಚಿ, ತುದಿಗಳನ್ನು ನಾಲಗೆಗೆ ಮುಟ್ಟಿಸಿ, ಸೆಲ್ಲಿನಲ್ಲಿ ಜೀವವಿದೆಯೇ ಎಂದು ನೋಡುವ ಹುಡುಗಾಟವನ್ನು ಊರಿನಲ್ಲಿ ನಮ್ಮಲ್ಲಿ ಹಲವರು ಆಡಿದವರೇ. ಜುಮ್ಮೆಂದು ಹುಳಿಹುಳಿ ರುಚಿ ಬರುತ್ತಿತ್ತು. 18ನೆಯ ಶತಮಾನದ ನಡುವಿನಲ್ಲಿ ಸ್ವಿಟ್ಜರ್ಲೆಂಡಿನ ಸುಲ್ತ್ಸರ್ ಎಂಬ ಪಂಡಿತನು ಸೀಸ ಮತ್ತು ಬೆಳ್ಳಿಯ ತುಂಡುಗಳನ್ನು ಒಂದಕ್ಕೊಂದು ತಾಗಿಸಿ ನಾಲಗೆಯ ಮೇಲಿಟ್ಟು ಇಂಥದೇ ವಿಚಿತ್ರ ರುಚಿ ಕಂಡಿದ್ದನು. ಅದು ವಿದ್ಯುತ್ತೆಂದು ಅವನಿಗೆ ಹೊಳೆಯಲಿಲ್ಲ. 1800ರಲ್ಲಿ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ ವೋಲ್ಟಾ ಕೂಡ ತನ್ನ ನಾಲಗೆಯನ್ನೇ ಉಪಕರಣ ಮಾಡಿಕೊಂಡವನು.

ನಾವು ನಾಲಗೆಯಿಂದ ಸೆಲ್ಲನ್ನು ಪರೀಕ್ಷಿಸಿದೆವು. ವೈದ್ಯರು ವಿದ್ಯುತ್ತಿನಿಂದ ನಾಲಗೆಯನ್ನು ಪರೀಕ್ಷಿಸುತ್ತಾರೆ. ಆಂಪಿಯರಿನ ಹತ್ತು ಲಕ್ಷದ ಪಾಲುಗಳಲ್ಲಿ ಎಣಿಸುವಷ್ಟು ಸಣ್ಣ ಪ್ರವಾಹವನ್ನು ಹಾಯಿಸಿ, ಎಷ್ಟಕ್ಕೆ ರುಚಿ ತಿಳಿಯಿತೆಂದು ಗುರುತಿಸಿಕೊಳ್ಳುತ್ತಾರೆ. ನಾಲಗೆಯ ಮುಂಭಾಗದ ರುಚಿಯನ್ನೊಯ್ಯುವ ನರವು ಕಿವಿಯ ತಮಟೆಯ ಒಳಮಗ್ಗುಲಲ್ಲಿ ಹಾಯ್ದುಹೋಗುವುದರಿಂದ, ಕಿವಿಯ ಶಸ್ತ್ರಕ್ರಿಯೆಯಾದವರಲ್ಲಿ ಈ ಅಳತೆ ಪ್ರಯೋಜನಕ್ಕೆ ಬರುತ್ತದೆ.

ಆದರೆ ನಮ್ಮ ವಾಚಕರಿಗೆ ಹೆಚ್ಚು ಬೇಕಾದದ್ದು ಹಲ್ಲಿನ ಸಂಗತಿ. ದವಡೆಹಲ್ಲು ನೋಯತೊಡಗಿದರೆ ನಾವು ಮಾಡುವುದೇನು? ಲವಂಗ ಕಚ್ಚಿ, ಮಾತ್ರೆ ನುಂಗಿ, ಡೊಂಬಿವಲಿಯ ಜನಸಂದಣಿಯಲ್ಲಿ ಲೋಕಲ್ ಹಿಡಿಯುತ್ತೇವೆ. ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಕೆಲವು ದಿನಗಳಲ್ಲಿ ನೋವು ತಾನಾಗಿ ನಿಂತರೆ ಗೆದ್ದೆವೆಂದುಕೊಳ್ಳುತ್ತೇವೆ. ಅಲ್ಲಿಯೇ ನಾವು ಮೋಸಹೋಗುವುದು. ಹಲ್ಲಿನ ಒಳಗೆ ನರವೂ ರಕ್ತನಾಳಗಳೂ ಇರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ತಿರುಳು ಬಾತು ನೋಯುತ್ತದೆ. ತಿರುಳು ಸತ್ತರೆ ನೋವೂ ನಿಲ್ಲುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ಎಲುಬಿಗಿಳಿಯುತ್ತದೆ. ತಿಂಗಳುಗಳ ಮೇಲೆ ಒಂದು ಬೆಳಗ್ಗೆ ಕೆನ್ನೆ ಊದಿಕೊಂಡಿರುತ್ತದೆ.

ತಿರುಳಿನ ನರ ಸ್ಪಂದಿಸುತ್ತಿದೆಯೇ ಎಂದು ತಿಳಿಯಲು ದಂತವೈದ್ಯರಲ್ಲಿ ಒಂದು ಸಣ್ಣ ವಿದ್ಯುತ್ ಯಂತ್ರವುಂಟು. ಹಲ್ಲನ್ನು ಚೆನ್ನಾಗಿ ಒರೆಸಿ ಒಣಗಿಸುತ್ತಾರೆ. ಒದ್ದೆಯಿದ್ದರೆ ಪ್ರವಾಹ ವಸಡಿಗೆ ಹರಿದು ಲೆಕ್ಕ ತಪ್ಪುತ್ತದೆ. ಕಡ್ಡಿಯ ತುದಿಗೆ ಪ್ರವಾಹ ಹಾಯಲೆಂದು ಸ್ವಲ್ಪ ಪೇಸ್ಟು ಹಚ್ಚುತ್ತಾರೆ (ನಾವು ಹಲ್ಲುಜ್ಜುವ ಪೇಸ್ಟಾದರೂ ಸಾಗುತ್ತದೆ!). ಪ್ರವಾಹವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾರೆ. ಜುಮ್ಮೆಂದೊಡನೆ ಕೈಯೆತ್ತಬೇಕು. ಹೆದರಿ ಮೊದಲೇ ಎತ್ತಬಾರದು, ಧೈರ್ಯ ತೋರಿಸಲು ತಡೆದುಕೊಳ್ಳಲೂ ಬಾರದು. ಇಲ್ಲಿ ರೋಗಿಯ ಮಾತೇ ಮಾಪನ. ಮರಾಠಿಯಲ್ಲಿ ಹೇಳಬೇಕಾದರೆ ‘ಝಿಣಝಿಣ್ಯಾ’ ಎಂದರೆ ಸಾಕು.

ಕೆಲವು ಯಂತ್ರಗಳ ಅಂಕಿ 80ರ ವರೆಗೆ ಏರುತ್ತದೆ. 30 ಬಂದ ಹಲ್ಲು 40 ಬಂದದ್ದಕ್ಕಿಂತ ಗಟ್ಟಿ ಎಂದು ತಿಳಿಯಬೇಡಿ. ಮೊದಲು ಆರೋಗ್ಯವಾದ ಹಲ್ಲನ್ನು ಪರೀಕ್ಷಿಸಿ ಅದರೊಡನೆ ಹೋಲಿಸುತ್ತಾರೆ. ಸ್ಪಂದನ ಇದೆಯೇ ಇಲ್ಲವೇ ಎಂಬುದೇ ಮುಖ್ಯ. ಯಂತ್ರವೂ ತಪ್ಪುವುದುಂಟು. ಪೆಟ್ಟು ಬಿದ್ದು ಕೆಲವೇ ದಿನಗಳಾದ ಹಲ್ಲು, ಬೇರು ಪೂರ್ತಿ ಬೆಳೆಯದ ಮಕ್ಕಳ ಹಲ್ಲು ಬದುಕಿದ್ದೂ ಸುಮ್ಮನಿರಬಹುದು. ಮೂರು ಬೇರುಗಳ ದವಡೆಹಲ್ಲಿನಲ್ಲಿ ಒಂದು ಬೇರು ಸತ್ತು ಇನ್ನೊಂದು ಉತ್ತರ ಕೊಡಬಹುದು. ಆದ್ದರಿಂದ ತಣ್ಣನೆಯ ಪರೀಕ್ಷೆ, ಎಕ್ಸ್‌ರೇಗಳನ್ನೂ ಜೊತೆಗೆ ಮಾಡುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮೊದಲೇ ಹೇಳಬೇಕು. ಮನೆಯ ವಿದ್ಯುತ್ ತಂತಿಯಿಂದ ಇದನ್ನು ಯಾರೂ ಪ್ರಯತ್ನಿಸಕೂಡದು.

ತಿರುಳು ಸತ್ತಿದೆಯೆಂದು ಬೇಗ ತಿಳಿದರೆ ಬೇರಿನ ನಾಳವನ್ನು ಶುಚಿಮಾಡಿ ತುಂಬಿ ಹಲ್ಲನ್ನು ಹಲವು ವೇಳೆ ಉಳಿಸಬಹುದು. ಖರ್ಚಿಗೆ ಅಂಜುವವರು ದಂತವೈದ್ಯ ಕಾಲೇಜುಗಳಲ್ಲಿ ವಿಚಾರಿಸಬಹುದು. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಕೆಲಸ ಮಾಡುವ ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಶುಲ್ಕ ಕಡಿಮೆ, ಹೊತ್ತು ಮಾತ್ರ ಹೆಚ್ಚು. ನವಿ ಮುಂಬಯಿಯ ನೆರೂಳದಲ್ಲಿ ಡಿ. ವೈ. ಪಾಟೀಲ ಕಾಲೇಜು ಇದೆ. ಕಲ್ಯಾಣ, ಡೊಂಬಿವಲಿಯವರು ಠಾಣೆಯಲ್ಲಿಳಿದು ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿಯಬೇಕು. ಹೋಗುವಾಗ ನೋವು ಯಾವಾಗ ಶುರುವಾಯಿತು, ಬಿಸಿಗೋ ತಣ್ಣಗಿನದಕ್ಕೋ ಹೆಚ್ಚುತ್ತಿತ್ತು, ಯಾವ ಮಾತ್ರೆ ನುಂಗಿದಿರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ನೋವು ನಿಂತ ದಿನವನ್ನೂ ಬರೆಯಿರಿ.