ಕೆಡವಿದವರಾರು, ಉಳಿಸಿದವರಾರು?

ಚಿರಂಜೀವಿ ಅನಘಾಳಿಗೆ ಸೋದರಮಾವನ ಆಶೀರ್ವಾದಗಳು.

ಈಸ್ಟರ್ ರಜೆಗೆ ಜರ್ಮನಿಯಿಂದ ಲಕ್ಸೆಂಬರ್ಗಿಗೆ ಹೊರಟಿದ್ದೀಯೆಂದು ಅಕ್ಕ ಫೋನಿನಲ್ಲಿ ಹೇಳಿದಳು. ತುಂಬ ಸಂತೋಷವಾಯಿತು ಪುಟ್ಟಿ. ಅದು 2,586 ಚದರ ಕಿಲೋಮೀಟರಿನ ಚಿಕ್ಕ ದೇಶ. 2020ರಿಂದ ಬಸ್ಸು, ರೈಲು, ಟ್ರಾಮ್ ಎಲ್ಲ ಪುಕ್ಕಟೆ. ಅವಸರ ಬೇಡ, ದಿನಕ್ಕೊಂದು ಕೋಟೆ ಸಾಕು.

ಮೊದಲು ರಾಜಧಾನಿಯ ಬಾಕ್ ಬಂಡೆಗೆ ಹೋಗು. 963ರಲ್ಲಿ ಸೀಗ್‌ಫ್ರೀಡ್ ಎಂಬ ಪಾಳೆಯಗಾರ ಅಲ್ಲಿನ ಪುಟ್ಟ ಕೋಟೆಯನ್ನು ಟ್ರಿಯರ್‌ನ ಮಠದಿಂದ ಪಡೆದ. ದೇಶದ ಕಥೆ ಅಲ್ಲಿಂದಲೇ ಶುರು. ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯನ್ನರು ಸರದಿಯಲ್ಲಿ ಬಲಪಡಿಸಿದ ಆ ಕೋಟೆಯನ್ನು ಕೊನೆಗೆ ಕೆಡವಿಸಿದ್ದು ಯುದ್ಧವಲ್ಲ, 1867ರ ಲಂಡನ್ ಒಪ್ಪಂದ. ಬಂಡೆಯೊಳಗಿನ ಸುರಂಗಗಳು ಮಾತ್ರ ಬಹುಪಾಲು ಉಳಿದವು. ಅವನ್ನು ಸಿಡಿಸಿದ್ದರೆ ಮೇಲಿದ್ದ ಊರಿಗೇ ಅಪಾಯವಿತ್ತು.

ವಿಯಾಂಡೆನ್ ಕೋಟೆಯ ಕಥೆ ಇನ್ನೂ ಸಂಕಟದ್ದು. 1820ರಲ್ಲಿ ದೊರೆ ಒಂದನೇ ವಿಲಿಯಂ ಅದನ್ನು ಊರಿನ ವ್ಯಾಪಾರಿಯೊಬ್ಬನಿಗೆ ಮಾರಿದ. ಅವನು ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ಮಾರಿಕೊಂಡ. ಸೂರು ಹೋದ ಮೇಲೆ ಗೋಡೆಗೆ ಮಳೆಯೇ ಶತ್ರು. 1871ರಲ್ಲಿ ಅಲ್ಲಿ ತಂಗಿದ್ದ ವಿಕ್ಟರ್ ಹ್ಯೂಗೋ ನೋಡಿದ್ದು ಪಾಳುಕೋಟೆಯನ್ನು. 1977ರಲ್ಲಿ ಅದು ಸರ್ಕಾರದ ಕೈಗೆ ಬಂದ ಮೇಲೆ ಮತ್ತೆ ಎದ್ದು ನಿಂತಿತು.

ಪಾಳು ಪಾಳಾಗಿಯೇ ಕಾಣಬೇಕೆಂದರೆ ಸೂರ್ ನದಿಯ ಮೇಲಿನ ಬುರ್ಶೈಡ್‌ಗೆ ಹೋಗು. ಅಲ್ಲಿ ಸುಮ್ಮನೆ ನಿಂತು ಗೋಡೆಯನ್ನು ಓದು. ಸಾಲಾಗಿ ಚೌಕದ ತೂತುಗಳು ಕಂಡರೆ ಅಲ್ಲಿ ತೊಲೆ ಕೂರಿಸಿ ಮಹಡಿ ಹಾಕಿದ್ದರೆಂದು ತಿಳಿ. ಕೈಗೆಟುಕದ ಎತ್ತರದಲ್ಲಿ ಅಗ್ಗಿಷ್ಟಿಕೆ ಕಂಡರೆ ಆ ಮಹಡಿಯಲ್ಲಿ ಯಾರೋ ಚಳಿ ಕಾಯಿಸಿಕೊಂಡಿದ್ದರು. ಬಾಣದ ಕಿಂಡಿ ಒಳಗೆ ಅಗಲ, ಹೊರಗೆ ಸಪೂರ. ಬಿಲ್ಲುಗಾರನಿಗೆ ಸರಿದಾಡಲು ಜಾಗ, ಶತ್ರುವಿಗೆ ಗುರಿಯಿಡಲು ಗೆರೆಯಷ್ಟೇ.

ಆಳಿದವರ ಹೆಸರು ಮರೆತರೂ ಚಿಂತೆಯಿಲ್ಲ. ಪ್ರತಿ ಕೋಟೆಯಲ್ಲೂ ಕಟ್ಟಿದವರಾರು, ಕೆಡವಿದವರಾರು, ಉಳಿಸಿದವರಾರು ಎಂದು ಕೇಳು. ಬೇಡವೆನಿಸಿದ ಮೇಲೆ ಎಂಥ ಗಟ್ಟಿ ಗೋಡೆಯೂ ನಿಲ್ಲದು. ಬೇಕೆನ್ನುವವರಿದ್ದರೆ ಬಿದ್ದದ್ದೂ ಏಳುತ್ತದೆ. ಈ ತಿಳಿವು ನಿನ್ನ ವಯಸ್ಸಿನವರಿಗೆ ಬಂದರೆ ನಮ್ಮಂಥವರಿಗೆ ನೆಮ್ಮದಿ.

ಗಟ್ಟಿ ಬೂಟು ಹಾಕಿಕೊ. ಗೋಡೆಯ ಮೇಲೆ ಹೆಸರು ಕೆತ್ತಬೇಡ, ಒಂದು ಚೂರು ಕಲ್ಲನ್ನೂ ತೆಗೆದುಕೊಳ್ಳಬೇಡ. ಕಂಡದ್ದನ್ನೆಲ್ಲ ವಿವರವಾಗಿ ಬರೆದು ಕಳಿಸು.

ಇಂತಿ ನಿನ್ನ ಪ್ರೀತಿಯ
ಸೋದರಮಾವ